ಟ್ಯಾಂಗ್ರಾ ಊಟ: ಇಬ್ಬರಿಗೆ ಎಷ್ಟು ಆರ್ಡರ್ ಮಾಡ್ಬೇಕು?

ಹಾಂ, ಕ್ಯಾಮೆರಾ ಆನ್. ಇದೇ ಟ್ಯಾಂಗ್ರಾ, ಚೀನೀ ಊಟಕ್ಕೆ ಹೆಸರಾದ ಕೇರಿ. ಕೋಲ್ಕತ್ತದ ಪೂರ್ವ ದಿಕ್ಕು, ಸೈನ್ಸ್ ಸಿಟಿಗೆ ಹತ್ತಿರ. ಕ್ಯಾಬ್ ಹತ್ತಿ ಬರೀ ‘ಚೈನಾಟೌನ್’ ಅಂದ್ಬಿಡ್ಬೇಡಿ. ಊರಲ್ಲಿ ಎರಡು ಚೈನಾಟೌನ್ ಇವೆ. ಹಳೇದು ತಿರೆಟ್ಟಾ ಬಜಾರ್, ಲಾಲ್‌ಬಜಾರ್ ಪಕ್ಕ. ಅಲ್ಲಿಗೆ ಹೋಗೋದು ಬೆಳಗಿನ ತಿಂಡಿಗೆ, ಅದೂ ಭಾನುವಾರ, ನಸುಕಲ್ಲೇ. ತಡವಾಗಿ ಎದ್ದವರಿಗೆ ಅಲ್ಲಿ ಖಾಲಿ ಬುಟ್ಟಿ. ಮಧ್ಯಾಹ್ನ, ರಾತ್ರಿ ಊಟಕ್ಕೆ ಇಲ್ಲಿಗೇ ಬರ್ಬೇಕು.

ಈ ಗೋಡೆ ನೋಡಿ, ಎಷ್ಟು ಎತ್ತರ. ಹೋಟೆಲಿಗೆ ಇಂಥ ಕಾಂಪೌಂಡ್ ಯಾಕೆ ಅನ್ಸುತ್ತೆ. ಇಲ್ಲಿದ್ದದ್ದೆಲ್ಲ ಚರ್ಮ ಹದ ಮಾಡೋ ಕಾರ್ಖಾನೆ. ಚೀನಾದ ಗ್ವಾಂಗ್‌ಡಾಂಗ್ ಕಡೆಯಿಂದ, ಅದರಲ್ಲೂ ಮೇಷಿಯನ್ ಅನ್ನೋ ಸೀಮೆಯಿಂದ ಬಂದ ಹಕ್ಕಾ ಜನ ಚರ್ಮದ ಕೆಲಸ, ಬೂಟಿನ ಅಂಗಡಿ ಹಿಡಿದ್ರು. ಇಲ್ಲಿನ ಮೇಲ್ಜಾತಿಯವರು ಮುಟ್ಟದ ಕಸುಬು ಅದು, ಪೈಪೋಟಿ ಕಡಿಮೆ. 1996ರಲ್ಲಿ ಸುಪ್ರೀಂ ಕೋರ್ಟ್ ಮಾಲಿನ್ಯದ ಕಾರಣಕ್ಕೆ ಕಾರ್ಖಾನೆಗಳನ್ನ ಊರಾಚೆಗೆ ಸಾಗಿಸಿ ಅಂತು, ಬಾಂತಾಲಾಗೆ. ಹೋಟೆಲುಗಳು ಅದಕ್ಕೂ ಮುಂಚೆ ಶುರುವಾಗಿದ್ವು, ಆಮೇಲೆ ಅವೇ ಮುಖ್ಯ ಕಸುಬಾಯ್ತು. ಹಕ್ಕಾ ಅಂದ್ರೆ ಅರ್ಥ ‘ಅತಿಥಿ ಮನೆತನ’. ಹೋದ ಕಡೆಯೆಲ್ಲ ನೆಂಟರು ಅನ್ನಿಸಿಕೊಂಡ ಜನ. ಬಹಳಷ್ಟು ಮಂದಿ ಇಲ್ಲಿಂದ್ಲೂ ಟೊರಾಂಟೋಗೆ ಹೊರಟ್ರು. ಅಲ್ಲಿರೋ ಕನ್ನಡದವರನ್ನ ಕೇಳಿ, ಹೋಟೆಲ್ ಬೋರ್ಡಿನಲ್ಲಿ ‘ಹಕ್ಕಾ’ ಅಂತಿದ್ರೆ ಒಳಗೆ ಚಿಲ್ಲಿ ಚಿಕನ್ ಗ್ಯಾರಂಟಿ.

ಬನ್ನಿ, ಒಳಗೆ. ಮೆನು ಬಂತು. ದಪ್ಪ ನೋಡಿ, ಪಂಚಾಂಗದ ಥರ. ಹೆದರ್ಬೇಡಿ, ಅಡುಗೆಮನೆಯಲ್ಲಿ ಸಾಸ್ ಇರೋದು ಐದಾರು, ಮಿಕ್ಕಿದ್ದೆಲ್ಲ ಅವುಗಳದ್ದೇ ಕೂಡಿಸು ಕಳೆಯೋ ಲೆಕ್ಕ.

ಇಬ್ಬರಿಗೆ ಹೇಳಬೇಕಾದ್ದು ಇಷ್ಟೇ. ಕರಿದದ್ದು ಒಂದು, ನೂಡಲ್ಸ್ ಅಥವಾ ಅನ್ನ ಒಂದು, ಅದರ ಜೊತೆಗೆ ಗ್ರೇವಿ ಒಂದು. ಮುಗೀತು. ಸೂಪು ಬೇಕಿದ್ರೆ ಒಂದನ್ನೇ ಎರಡು ಬಟ್ಟಲಿಗೆ ಹಾಕ್ಸಿ, ‘ದಾದಾ, ಒನ್ ಬೈ ಟೂ’ ಅಂದ್ರೆ ಸಾಕು, ಬಂಗಾಳಿಯಲ್ಲಿ ದಾದಾ ಅಂದ್ರೆ ಅಣ್ಣ. ಇಲ್ಲಿನ ಒಂದು ಪ್ಲೇಟ್ ಮಿಕ್ಸ್ಡ್ ನೂಡಲ್ಸ್ ಇಬ್ಬರಿಗೆ ಆಗಿ ಮಿಗುತ್ತೆ. ಹಸಿದ ಹೊಟ್ಟೆಯಲ್ಲಿ ಫ್ರೈಡ್ ರೈಸೂ ಇರ್ಲಿ, ನೂಡಲ್ಸೂ ಇರ್ಲಿ ಅಂತೀರಲ್ಲ, ಜೇಬು ಹರಿಯೋದು ಅಲ್ಲೇ. ಇನ್ನೊಂದು, ಪ್ರತಿ ಐಟಮ್ಮಿಗೂ ‘ಡ್ರೈಯೋ ಗ್ರೇವಿಯೋ’ ಅಂತ ನೀವೇ ಮೊದಲು ಹೇಳಿ. ಹೇಳದಿದ್ರೆ ಅವರಿಗೆ ತೋಚಿದ್ದು ಬರುತ್ತೆ. ಗ್ರೇವಿನ ಲೆಕ್ಕಕ್ಕೆ ಸೇರಿಸಿದ್ದೇನೋ ನಿಜ, ಆದ್ರೆ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ದಂಡ. ಕಾರ್ನ್‌ಫ್ಲೋರ್ ನೀರಿಗೆ ಹಣ ಕೊಟ್ಟ ಹಾಗೆ.

ಸಸ್ಯಾಹಾರಿಗಳು ಒಂದ್ನಿಮಿಷ. ಬರೀ ‘ವೆಜ್’ ಅಂದ್ರೆ ಸಾಲ್ದು. ಮೂರು ಪ್ರಶ್ನೆ ಬಿಡಿಬಿಡಿಯಾಗಿ ಕೇಳಿ. ಮೊಟ್ಟೆ ಇದೆಯಾ, ಸೂಪಿನ ನೀರು ಕೋಳಿ ಮೂಳೆ ಬೇಯಿಸಿದ್ದಾ, ಚಿಪ್ಪುಮೀನಿಂದ ಮಾಡೋ ಆಯ್ಸ್ಟರ್ ಸಾಸ್ ಹಾಕ್ತೀರಾ. ಮೂರಕ್ಕೂ ಇಲ್ಲ ಅಂದ್ರೂ ಬಾಣಲೆ ಒಂದೇ ಇರಬಹುದು. ಅದಕ್ಕೆ ಮನಸ್ಸು ಒಪ್ಪಲ್ಲ ಅನ್ನೋರಿಗೆ ಈ ಬೀದಿ ಅಲ್ಲ, ನೇರವಾಗಿ ಹೇಳ್ತಿದೀನಿ.

ಓ, ಚಿಲ್ಲಿ ಚಿಕನ್ ಡ್ರೈ ಬಂತು. ಬಣ್ಣ ನೋಡಿ. ಕೆಂಪಲ್ಲ, ಕಂದು. ಡಾರ್ಕ್ ಸೋಯಾ ಕೊಡೋ ಬಣ್ಣ ಅದು. ನಮ್ಮ ಕಡೆ ಗೋಬಿ ಮಂಚೂರಿ ಕುಂಕುಮದ ಹಾಗೆ ಹೊಳೀತಿತ್ತಲ್ಲ, ಅದು ಪುಡಿ ಬಣ್ಣ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕೋ ಹಾಗಿಲ್ಲ ಅಂತು. ಮಂಚೂರಿಗೂ ಈ ಊರಿಗೂ ನೆಂಟಸ್ತಿಕೆ ಇದೆ. 1975ರಲ್ಲಿ ಮುಂಬೈನಲ್ಲಿ ಚಿಕನ್ ಮಂಚೂರಿಯನ್ ಮೊದಲು ಮಾಡಿದೋರು ಅಂತ ಹೆಸರಾಗಿರೋ ನೆಲ್ಸನ್ ವಾಂಗ್ ಹುಟ್ಟಿದ್ದು ಕೋಲ್ಕತ್ತದಲ್ಲಿ. ಮಂಚೂರಿಯಾಗೆ ಹೋಗಿ ಮಂಚೂರಿ ಕೇಳಿದ್ರೆ ಮುಖ ನೋಡ್ತಾರೆ ಅಷ್ಟೇ. ಹಾಗೇ, ‘ಹಕ್ಕಾ ನೂಡಲ್ಸ್’ ಅನ್ನೋದೂ ನಮ್ಮ ದೇಶದ್ದೇ ಹೆಸರು.

ಅಯ್ಯೋ. ಈ ಶಾಟ್ ನೋಡಿ. ನೋಡಿ ಇಲ್ಲಿ, ಚಾಪ್‌ಸ್ಟಿಕ್‌ನಲ್ಲಿ ಎತ್ತಿದ್ರೆ ಮೇಲಿನ ಪದರ ತೊಗಲಿನ ಹಾಗೆ ಜಾರ್ತಿದೆ. ಮೆತ್ತಗಾಗ್ಹೋಯ್ತು! ಹೋಟೆಲಿನವರ ತಪ್ಪಲ್ಲ, ತಪ್ಪೆಲ್ಲ ಕ್ಯಾಮೆರಾದ್ದು. ಮೇಲಿಂದ ಒಂದು, ಪಕ್ಕದಿಂದ ಒಂದು, ಹೊಗೆಯಾಡೋದು ಸ್ಲೋ ಮೋಷನ್‌ನಲ್ಲಿ ಒಂದು. ಆರು ನಿಮಿಷ ಅಲ್ಲೇ ಹೋಯ್ತು.

ಯಾಕೆ ಹೀಗಾಗುತ್ತೆ ಅಂದ್ರೆ, ಮಾಂಸದ ತುಂಡಿಗೆ ಮೊಟ್ಟೆ, ಕಾರ್ನ್‌ಫ್ಲೋರ್, ಒಂದಿಷ್ಟು ಸೋಯಾ ಸವರಿ ಕರೀತಾರೆ. ಒಳ್ಳೇ ಅಡುಗೆಮನೆಯಲ್ಲಿ ಎರಡು ಸಲ. ಮೊದಲ ಸಲ ಒಳಗೆ ಬೇಯೋಕೆ, ಎರಡನೇ ಸಲ ಜೋರು ಕಾವಿನ ಎಣ್ಣೆಯಲ್ಲಿ ಮೇಲ್ಪದರದ ನೀರು ಹಾರಿಸೋಕೆ. ಪ್ಲೇಟಿಗೆ ಬಂದ ಮೇಲೂ ಒಳಗಿನ ಮಾಂಸ ಹಬೆ ಬಿಡ್ತಾನೇ ಇರುತ್ತೆ. ಆ ಹಬೆ ಹೊರಗೆ ಹೋಗ್ಬೇಕಲ್ಲ, ದಾರಿ ಇರೋದು ಆ ಗರಿಗರಿ ಪದರದ ಮೂಲಕವೇ. ಅದರ ಮೇಲೆ ಸಾಸು, ಈರುಳ್ಳಿ ನೀರು, ಕ್ಯಾಪ್ಸಿಕಮ್ ನೀರು. ಒಳಗಿಂದ ಹಬೆ, ಹೊರಗಿಂದ ನೀರು, ಮಧ್ಯೆ ಪಾಪ ಕಾರ್ನ್‌ಫ್ಲೋರ್. ತುಂಡುಗಳು ಒಂದರ ಮೇಲೊಂದು ರಾಶಿ ಬಿದ್ದಿದ್ರೆ ಇನ್ನೂ ಬೇಗ. ಹಾಗಾಗಿ ಪ್ಲೇಟ್ ಬಂದ ತಕ್ಷಣ ರಾಶಿ ಹರಡಿ, ತಳದ ತುಂಡಿಂದ ಶುರು ಮಾಡಿ. ಎಲ್ಲರೂ ಮೇಲಿಂದ ತಿಂತಾರೆ, ಅಷ್ಟರಲ್ಲಿ ತಳದ್ದು ಉಪ್ಪಿಟ್ಟಾಗಿರುತ್ತೆ. ವಿಡಿಯೋ ಮಾಡ್ಲೇಬೇಕು ಅನ್ನೋ ರೋಗ ಇರೋರು ಸಾಲ್ಟ್ ಅಂಡ್ ಪೆಪ್ಪರ್ ಚಿಕನ್ ಹೇಳಿ, ಅದರಲ್ಲಿ ದ್ರವದ ಸಾಸೇ ಇಲ್ಲ, ಹತ್ತು ನಿಮಿಷ ತಡೆಯುತ್ತೆ. ಈ ಶಾಟ್ ತೆಗೆದುಹಾಕೋಣ ಅಂದ್ಕೊಂಡೆ, ಇರ್ಲಿ ಬಿಡಿ, ಉಪಯೋಗಕ್ಕೆ ಬರುತ್ತೆ.

ರುಚಿ? ಚೆನ್ನಾಗಿದೆ. ಮೆತ್ತಗಾದ್ರೂ ಹಸಿಮೆಣಸಿನಕಾಯಿ ಘಾಟು, ಬೆಳ್ಳುಳ್ಳಿ, ಕೊನೇಲಿ ಹುಳಿ.

ನೂಡಲ್ಸ್ ಬಂತು. ಇದನ್ನ ಮಾತ್ರ ಮೊದಲು ಬಾಯಿಗೆ, ಆಮೇಲೆ ಕ್ಯಾಮೆರಾಗೆ. ಎಳೆ ಎಳೆ ಬಿಡಿ ಇದೆ ನೋಡಿ. ಗುಟ್ಟೇನಿಲ್ಲ. ಮುಕ್ಕಾಲು ಬೆಂದಾಗ ತೆಗೆದು ತಣ್ಣೀರಲ್ಲಿ ಜಾಲಿಸಿ, ನೀರು ಬಸಿದು, ಎಣ್ಣೆ ಸವರಿ ಹರಡಿಡ್ತಾರೆ. ಆರ್ಡರ್ ಬಂದಾಗ ಒಂದು ಸಲಕ್ಕೆ ಒಂದೋ ಎರಡೋ ಪ್ಲೇಟಿನಷ್ಟು ಮಾತ್ರ ಬಾಣಲೆಗೆ. ಮನೇಲಿ ನಾವು ನಾಲ್ಕು ಜನರದ್ದು ಒಟ್ಟಿಗೆ ಸುರೀತೀವಿ, ಬಾಣಲೆ ತಣ್ಣಗಾಗುತ್ತೆ, ತರಕಾರಿ ನೀರು ಬಿಡುತ್ತೆ, ಹುರಿಯೋ ಬದಲು ಬೇಯುತ್ತೆ. ಮುದ್ದೆ ಬೇಕಿದ್ರೆ ರಾಗಿದೇ ಮಾಡ್ಕೋಬಹುದಿತ್ತಲ್ವಾ. ಸೋಯಾ ಸಾಸನ್ನ ನೂಡಲ್ಸ್ ಮೇಲೆ ಹುಯ್ಯಬೇಡಿ, ಬಾಣಲೆಯ ಕಾದ ಅಂಚಿಗೆ ಹುಯ್ಯಿ. ಅಲ್ಲಿ ಚುರ್ ಅಂತ ಸೀದು ಬರೋ ಘಮವೇ ಹೋಟೆಲ್ ಘಮ.

ಮೇಜಿನ ಮೇಲಿನ ಈ ಪುಟ್ಟ ಬಟ್ಟಲು, ವಿನೆಗರ್‌ನಲ್ಲಿ ನೆನೆದ ಹಸಿಮೆಣಸಿನಕಾಯಿ. ಎಣ್ಣೆ ಜಾಸ್ತಿ ಅನ್ನಿಸಿದ ನೂಡಲ್ಸಿಗೆ ಅರ್ಧ ಚಮಚ ಈ ವಿನೆಗರ್. ಬಿಟ್ಟಿ, ಕೇಳಿ ಹಾಕ್ಸಿಕೊಳ್ಳಿ.

ಗ್ರೇವಿಯೂ ಬಂತು, ಬೆಳ್ಳುಳ್ಳಿ ಮೀನು. ಮ್... ತಡೀರಿ. ಆಗ ದಂಡ ಅಂದಿದ್ದೆ, ವಾಪಸ್ ತಗೊಂಡೆ. ತೆಳ್ಳಗಿದೆ, ಗೋಂದಿನ ಹಾಗಿಲ್ಲ. ಬರೀ ಬಿಳಿ ಅನ್ನಕ್ಕೆ ಇದೊಂದೇ ಸಾಕು, ಹುಳಿ ಅನ್ನದ ಥರ ಕಲಸಿ ಹೊಡೀಬಹುದು. ನೂಡಲ್ಸಿಗೆ ಮಾತ್ರ ಸುರೀಬೇಡಿ.

ಇಲ್ಲಿವರೆಗೆ ತಿಂದಿದ್ದು ನಮ್ಮ ನಾಲಿಗೆಗೆ ಅಂತ ಹಕ್ಕಾದವರು ಮಾಡಿದ ಅಡುಗೆ. ಅವರ ಮನೆ ಅಡುಗೆ ಬೇರೆ. ಸಾಸಿವೆ ಸೊಪ್ಪಿಗೆ ಉಪ್ಪು ಹಾಕಿ ಬಿಸಿಲಲ್ಲಿ ಒಣಗಿಸ್ತಾರೆ, ನಮ್ಮ ಬಾಳಕದ ಮೆಣಸಿನಕಾಯಿ ಇದ್ದ ಹಾಗೆ. ಅದರ ಮೇಲೆ ಕೊಬ್ಬಿರೋ ಹಂದಿ ಮಾಂಸದ ಹೋಳು ಜೋಡಿಸಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸ್ತಾರೆ, ಖಾರ ಇಲ್ಲ, ಕಾರ್ನ್‌ಫ್ಲೋರ್ ಮೊದಲೇ ಇಲ್ಲ. ಇನ್ನೊಂದು, ತೋಫು, ಅಂದ್ರೆ ಸೋಯಾ ಹಾಲಿನ ಪನೀರ್, ಅದನ್ನ ಬಗೆದು ಒಳಗೆ ಖೀಮಾ ತುಂಬೋದು. ಚೀನಾದ ಉತ್ತರದಿಂದ ದಕ್ಷಿಣಕ್ಕೆ ಇಳಿದಾಗ ಕಡುಬಿನ ಹೊದಿಕೆಗೆ ಗೋಧಿ ಸಿಗದೆ ತೋಫುಗೆ ತುಂಬಿದ್ರು ಅಂತ ಅವರಲ್ಲೊಂದು ಮಾತು. ಇವೆರಡೂ ಎಲ್ಲಾ ಮೆನುವಿನಲ್ಲಿ ಇರಲ್ಲ. ಹಿಂದಿನ ದಿನ ಫೋನ್ ಮಾಡಿ ಕೇಳಿ, ಹಬೆಯ ಹಂದಿ ಅರ್ಧ ಗಂಟೆಯಲ್ಲಿ ಆಗೋ ಐಟಮ್ ಅಲ್ಲ.

ಹತ್ತಿರದಲ್ಲೇ ಚೀನೀ ಕಾಳಿ ಗುಡಿ ಇದೆ, ಅಲ್ಲಿ ಪ್ರಸಾದಕ್ಕೆ ನೂಡಲ್ಸ್ ಇಡ್ತಾರೆ. ಆ ಶಾಟ್ ಮುಂದೆ... ಅಯ್ಯೋ, ಬಿಲ್ ಬಂತು.

ಜೂಮ್ ಮಾಡಿದೀನಿ. ಊಟ 1,000 ರೂಪಾಯಿ ಅಂತಿಟ್ಕೊಳ್ಳಿ. ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ ಹಾಕಿದ್ರೆ 1,100, ಅದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ, 1,155. ಸರ್ವಿಸ್ ಚಾರ್ಜ್ ತೆಗೆಸಿದ್ರೆ 1,050. ಸರ್ವಿಸ್ ಚಾರ್ಜನ್ನ ಬಿಲ್ಲಿಗೆ ತಾನಾಗೇ ಸೇರಿಸೋ ಹಾಗಿಲ್ಲ ಅಂತ ಗ್ರಾಹಕರ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಜಗಳ ಬೇಡ, ‘ದಾದಾ, ಇದನ್ನ ತೆಗೀರಿ’ ಅಂತ ಮೆಲ್ಲಗೆ ಹೇಳಿ. ಉಳಿದ 105ರಲ್ಲಿ ಐವತ್ತು ಬಡಿಸಿದ ಹುಡುಗನ ಕೈಗೇ ಕೊಟ್ರೆ ಇಬ್ಬರಿಗೂ ಲಾಭ.

ಮಿಕ್ಕಿದ ನೂಡಲ್ಸ್ ಪಾರ್ಸೆಲ್. ಬಿಸಿ ಇದ್ದಾಗ ಡಬ್ಬಿ ಮುಚ್ಚಳ ಗಟ್ಟಿಯಾಗಿ ಒತ್ತಬೇಡಿ, ಒಂದು ಮೂಲೆ ತೆರೆದಿಡಿ. ಚಿಕನ್ನಿಗೆ ಆದದ್ದೇ ಇದಕ್ಕೂ ಆಗುತ್ತೆ. ಕ್ಯಾಬ್ ಬಂತು, ಡಬ್ಬಿ ಹಿಡ್ಕೊಳ್ಳಿ ಡಬ್ಬಿ ಹಿಡ್ಕೊಳ್ಳಿ—