ಹಳೆಯ ಅಂಕಪಟ್ಟಿ ಹೇಳದ ಸಂಗತಿ

ಕೇಳುಗರಿಗೆ ನಮಸ್ಕಾರ.

ವಿಶ್ವವಿದ್ಯಾಲಯಕ್ಕೆ ಈಗಷ್ಟೇ ಸೇರಿದ ಮಕ್ಕಳು ಎದುರು ಬಂದರೆ ನಾವು ಮೊದಲು ಕೇಳುವುದೇನು? "ಹೋದ ಪರೀಕ್ಷೆಯಲ್ಲಿ ಎಷ್ಟು ಬಂತು?" ಈ ಪ್ರಶ್ನೆಯಲ್ಲಿ ಹುರುಳಿಲ್ಲ ಎನ್ನಲಾರೆ. ಹಿಂದಿನ ಅಂಕಗಳಿಗೂ ಮುಂದಿನ ಅಂಕಗಳಿಗೂ ನಂಟಿದೆ. ಮಿಶೆಲ್ ರಿಚರ್ಡ್‌ಸನ್ ಮತ್ತು ಸಂಗಡಿಗರು ಹದಿಮೂರು ವರ್ಷಗಳ ಸಂಶೋಧನೆಗಳನ್ನು ಒಟ್ಟಿಗೆ ಅಳೆದು 2012ರಲ್ಲಿ ಪ್ರಕಟಿಸಿದರು. ಶಾಲೆಯ ಅಂಕಕ್ಕೂ ವಿಶ್ವವಿದ್ಯಾಲಯದ ಅಂಕಕ್ಕೂ ಅವರು ಕಂಡ ಸಹಸಂಬಂಧ, ಅಂದರೆ ನಂಟಿನ ಬಲ, 0.40; ನಂಟೇ ಇಲ್ಲದಿದ್ದರೆ ಅದು 0, ಪೂರ್ತಿ ಇದ್ದರೆ 1. 0.40 ಅನ್ನು ಅದರಿಂದಲೇ ಗುಣಿಸಿ ಲೆಕ್ಕ ಹಾಕಿದರೆ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದಲ್ಲಿ ಹಳೆಯ ಅಂಕಪಟ್ಟಿಗೆ ಸಲ್ಲುವುದು ನೂರಕ್ಕೆ 16 ಪಾಲು. ಉಳಿದ 84 ಪಾಲು ಎಲ್ಲಿಂದ ಬಂತು? ಮೊದಲ ವರ್ಷದವರಿಗೆ ಪಾಠ ಹೇಳುವ ನನ್ನನ್ನು ಕಾಡುವ ಪ್ರಶ್ನೆ ಅದು.

ಒಂದು ಉತ್ತರ ಬಹಳ ಸರಳ: ತರಗತಿಗೆ ಬರುವುದು. ಮಾರ್ಕಸ್ ಕ್ರೆಡೆ ಮತ್ತು ಜೊತೆಗಾರರು 2010ರಲ್ಲಿ ತೋರಿಸಿದಂತೆ, ಹಾಜರಾತಿ ಪ್ರವೇಶ ಪರೀಕ್ಷೆಗಿಂತಲೂ ಶಾಲೆಯ ಅಂಕಕ್ಕಿಂತಲೂ ಚೆನ್ನಾಗಿ ಫಲಿತಾಂಶದ ಸುಳಿವು ಕೊಡುತ್ತದೆ. ಬಂದವರೆಲ್ಲ ಜಾಣರು ಅಂತಲ್ಲ. ಎಲ್ಲಿ ಎಡವಿದೆ ಎನ್ನುವುದು ಬಂದವರಿಗೆ ಅಂದೇ ತಿಳಿಯುತ್ತದೆ. ಬಾರದವರಿಗೆ ಪರೀಕ್ಷೆಯ ದಿನ ತಿಳಿಯುತ್ತದೆ.

ನಿದ್ದೆಯೂ ಲೆಕ್ಕಕ್ಕಿದೆ. 88 ವಿದ್ಯಾರ್ಥಿಗಳ ಕೈಗೆ ಪಟ್ಟಿ ಕಟ್ಟಿ ನಿದ್ದೆ ಅಳೆದ 2019ರ ಅಧ್ಯಯನವೊಂದರಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿಯ ನಿದ್ದೆಗೂ ಅಂಕಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ವಾರಗಟ್ಟಲೆ ತಪ್ಪದೆ ಮಾಡಿದ ನಿದ್ದೆಗೆ.

ರಿಚರ್ಡ್‌ಸನ್ ಅವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು "ಇಷ್ಟು ಅಂಕ ನನ್ನಿಂದ ತೆಗೆಯಲಾದೀತು" ಎಂಬ ನಂಬಿಕೆ: ಅಂಕದೊಡನೆ ಅದರ ಸಹಸಂಬಂಧ 0.59. ಇಲ್ಲಿ ಒಂದು ಎಚ್ಚರ ಬೇಕು. ಚೆನ್ನಾಗಿ ಓದುತ್ತಿರುವವರಲ್ಲಿ ಆ ನಂಬಿಕೆ ತಾನಾಗಿಯೇ ಬೆಳೆದಿರುತ್ತದೆ. ಯಾವುದು ಬೀಜ, ಯಾವುದು ಫಲ ಎಂದು ಬಿಡಿಸುವುದು ಕಷ್ಟ. "ಧೈರ್ಯವಾಗಿರು" ಎಂದು ಬೆನ್ನು ತಟ್ಟಿದರೆ ಅದು ಬಾರದು. ತಾನೇ ಮಾಡಿ ಗೆದ್ದ ಅನುಭವದಷ್ಟು ಗಟ್ಟಿಯಾಗಿ ಅದನ್ನು ಬೇರೇನೂ ಕಟ್ಟದು ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದರು.

ಅದಕ್ಕೇ ಎರಡನೆಯ ವಾರವೇ ನಾನು ಹತ್ತು ಅಂಕದ ಒಂದು ಪುಟ್ಟ ಪರೀಕ್ಷೆ ಕೊಡುತ್ತೇನೆ. ಉತ್ತರಪತ್ರಿಕೆಯನ್ನು ಮರುದಿನವೇ ತಿದ್ದಿ, ತಪ್ಪಿದ ಜಾಗವನ್ನು ಪಕ್ಕದಲ್ಲಿ ಕೂತು ತೋರಿಸುತ್ತೇನೆ. ಮೂರನೆಯ ವಾರ ಯಾರದಾದರೂ ಜಾಗ ಖಾಲಿ ಕಂಡರೆ, ಅಂದು ಸಂಜೆಯೊಳಗೆ ಅವರನ್ನು ಹುಡುಕಿ ಮಾತಾಡಿಸುತ್ತೇನೆ.

ನಮಸ್ಕಾರ.