ಹೊಲಿಗೆ ಮಿಷನ್ ಮೇಲೆ ಹುಟ್ಟಿದ ವಿಮಾನ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಮಾನ ಕಟ್ಟಿದವರ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಹದಿನೈದು ನಿಮಿಷ ಕೊಟ್ಟಿದ್ದಾರೆ. ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿದ ಕಥೆಗೆ ಹದಿನೈದು ನಿಮಿಷ! ಇರಲಿ, ಆದಷ್ಟು ಹೇಳುತ್ತೇನೆ.

ರೇಡಿಯೋದಲ್ಲಿ ಮಾತಾಡುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೆ ನಾನೇ ಒಂದಿಷ್ಟು ಜನರನ್ನು ಮನಸ್ಸಿನಲ್ಲಿ ಕೂರಿಸಿಕೊಂಡಿದ್ದೇನೆ. ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿ. ಚಿಕ್ಕ ಕೋಣೆ, ನಾಲ್ಕು ಮಿಷನ್, ಕಾಲ ಬುಡದಲ್ಲಿ ನೀಲಿ ಬಟ್ಟೆಯ ರಾಶಿ. ಜೀನ್ಸ್ ಹೊಲಿಯುತ್ತಾ ಕಿವಿ ಮಾತ್ರ ಇತ್ತ ಕೊಟ್ಟಿರುವ ಅಣ್ಣಂದಿರೇ, ಅಕ್ಕಂದಿರೇ, ಈ ಮಾತು ನಿಮಗೆ. ಬೇರೆಯವರೂ ಕೇಳಬಹುದು, ಬೇಡ ಅನ್ನುವುದಿಲ್ಲ.

ಹೇಳಬೇಕಾದ ಮಾತು ಒಂದೇ. ವಿಮಾನ ಹುಟ್ಟಿದ್ದು ಹೊಲಿಗೆ ಮಿಷನ್ ಮೇಲೆ. ಉಳಿದದ್ದೆಲ್ಲ ಮರೆತರೂ ನಡೆಯುತ್ತದೆ, ಇದೊಂದನ್ನು ಮರೆಯಬೇಡಿ.

ನಗಬೇಡಿ. ನಾನು ಇಪ್ಪತ್ತಾರು ವರ್ಷ ಸಣ್ಣ ವಿಮಾನಗಳ ರಿಪೇರಿ ಮಾಡಿದವನು. ಹುಡುಗರು ಹಾರಾಟ ಕಲಿಯುವ ವಿಮಾನ ಇರುತ್ತವಲ್ಲ, ಅವುಗಳ ರೆಕ್ಕೆಗೆ ಬಟ್ಟೆ ಹಾಕುವುದು ನನ್ನ ಕೆಲಸ. ಹೌದು, ಬಟ್ಟೆ. ನಿವೃತ್ತಿ ಆದ ಮೇಲೆ ಊರಿಗೆ ಬಂದು, "ವಿಮಾನದ ರೆಕ್ಕೆ ಹೊಲಿಯುತ್ತಿದ್ದೆ" ಅಂದರೆ ನಮ್ಮ ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇವನು ಬೆಂಗಳೂರಲ್ಲಿ ಅಂಗಿ ಹೊಲಿದುಕೊಂಡಿದ್ದ, ಸುಮ್ನೆ ಬಿಡ್ತಾನೆ ಅಂತ.

ಸರಿ, ರೈಟ್ ಸಹೋದರರ ಕಥೆಗೆ ಬರೋಣ. ವಿಲ್ಬರ್ ಮತ್ತು ಆರ್ವಿಲ್. ಅಮೆರಿಕದ ಡೇಟನ್ ಊರಿನವರು. ಸೈಕಲ್ ಅಂಗಡಿ ಇಟ್ಟಿದ್ದರು. ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಇಷ್ಟು ನಿಮ್ಮ ಮಕ್ಕಳ ಪುಸ್ತಕದಲ್ಲೂ ಇದೆ. ಅದರಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ.

1900ನೇ ಇಸವಿ, ಸೆಪ್ಟೆಂಬರ್. ದೊಡ್ಡವನು ವಿಲ್ಬರ್ ಸಮುದ್ರದ ದಂಡೆಯ ಕಿಟ್ಟಿ ಹಾಕ್ ಎಂಬ ಹಳ್ಳಿಗೆ ಹೊರಟ. ಅಲ್ಲಿ ಗಾಳಿ ಜೋರು, ಬಿದ್ದರೆ ಮೆತ್ತಗಿನ ಮರಳು. ಇಂಜಿನ್ ಇಲ್ಲದ ಗ್ಲೈಡರಿನ ಸಾಮಾನು ಜೊತೆಗಿತ್ತು. ರೆಕ್ಕೆಯ ಬಟ್ಟೆಯನ್ನು ಮನೆಯಲ್ಲೇ ಅಳತೆ ಮಾಡಿ, ಕತ್ತರಿಸಿ, ಹೊಲಿದು ಮಡಚಿ ಇಟ್ಟುಕೊಂಡಿದ್ದ. ರೆಕ್ಕೆಗೆ ಉದ್ದುದ್ದ ಮರದ ಪಟ್ಟಿ ಬೇಕಲ್ಲ, 18 ಅಡಿಯದು, ಅದನ್ನು ದಾರಿಯಲ್ಲಿ ಕೊಂಡರಾಯಿತು ಅಂದುಕೊಂಡಿದ್ದ. ನಾರ್ಫೋಕ್ ಎಂಬ ದೊಡ್ಡ ಬಂದರು ಊರಿನಲ್ಲಿ ಬಿಸಿಲಲ್ಲಿ ಅಲೆದ. 18 ಅಡಿಯದು ಸಿಗಲಿಲ್ಲ. 16 ಅಡಿಯದು ಸಿಕ್ಕಿತು, ಅದೂ ಬೇರೆ ಮರ. ಏನು ಮಾಡುವುದು? ಕೊಂಡ.

ಅಲ್ಲಿಂದ ಮುಂದೆ ದೋಣಿ. ಸೋರುವ ದೋಣಿ. ಮೇಲೆ ಬಿರುಗಾಳಿ. ಅದರೊಳಗಿನ ಕೊಳಕು ಅಡುಗೆ ನೋಡಿ ಇವನಿಗೆ ಊಟವೇ ಬೇಡವಾಯಿತು. ತಂಗಿ ಚೀಲದಲ್ಲಿ ಇಟ್ಟು ಕಳಿಸಿದ್ದ ಒಂದು ಬಾಟಲಿ ಹಣ್ಣಿನ ಜೆಲ್ಲಿ ತಿಂದುಕೊಂಡೇ ದಾರಿ ಸವೆಸಿದ. ಹಸಿದು ಸುಸ್ತಾಗಿ ಕಿಟ್ಟಿ ಹಾಕ್ ತಲುಪಿ, ಟೇಟ್ ಅನ್ನುವವರ ಮನೆಯಲ್ಲಿ ಇಳಿದುಕೊಂಡ.

ಈಗ ಟೇಲರ್‌ಗಳು ಗಮನ ಕೊಟ್ಟು ಕೇಳಿ. ಮರ 16 ಅಡಿ. ಬಟ್ಟೆ ಹೊಲಿದಿದ್ದು 18 ಅಡಿಯ ಲೆಕ್ಕಕ್ಕೆ. ಅಂದರೆ ಬಟ್ಟೆ ಲೂಸ್. ರೆಕ್ಕೆಯ ಬಟ್ಟೆ ಲೂಸ್ ಆದರೆ ಅದು ರೆಕ್ಕೆ ಅಲ್ಲ, ಗಾಳಿಗೆ ಒಣಹಾಕಿದ ಲುಂಗಿ. ಆಗ ವಿಲ್ಬರ್ ಏನು ಮಾಡಿದ? ಟೇಟ್ ಅವರ ಹೆಂಡತಿಯ ಹತ್ತಿರ ಹೋಗಿ, "ಅಮ್ಮಾ, ನಿಮ್ಮ ಹೊಲಿಗೆ ಮಿಷನ್ ಸ್ವಲ್ಪ ಕೊಡ್ತೀರಾ" ಅಂತ ಕೇಳಿದ. ಅವರ ಮನೆ ಮುಂದಿನ ಅಂಗಳದಲ್ಲೇ ಹೊಲಿಗೆ ಬಿಚ್ಚಿ, ನಡುವೆ ಒಂದಿಷ್ಟು ಕತ್ತರಿಸಿ ತೆಗೆದು, ಮತ್ತೆ ಜೋಡಿಸಿ ಹೊಲಿದ. ನೀವು ಗಿರಾಕಿಯ ಪ್ಯಾಂಟು ಆಲ್ಟರ್ ಮಾಡಿಕೊಡುತ್ತೀರಲ್ಲ, ಅದೇ ಕೆಲಸ. ಜಗತ್ತಿಗೆ ಹಾರುವುದನ್ನು ಕಲಿಸಿದ ಮನುಷ್ಯ ಪರರ ಮನೆ ಅಂಗಳದಲ್ಲಿ ಕೂತು ಆಲ್ಟರೇಷನ್ ಮಾಡಿದ!

ಇನ್ನೂ ಇದೆ. ಅಣ್ಣತಮ್ಮಂದಿರು ಆ ವರ್ಷ ಗ್ಲೈಡರನ್ನು ಹೆಚ್ಚಾಗಿ ಗಾಳಿಪಟದ ಹಾಗೆ ಹಗ್ಗ ಕಟ್ಟಿ ಹಾರಿಸಿದರು. ಕೊನೆಗೆ ಕೆಲವು ಸಲ ವಿಲ್ಬರ್ ಅದರ ಮೇಲೆ ಮಲಗಿ ಮರಳ ದಿಬ್ಬದಿಂದ ಜಾರಿದ. ಆಮೇಲೆ ಅದನ್ನು ಅಲ್ಲೇ ಬಿಟ್ಟು ಊರಿಗೆ ಹೋದರು. ಬಟ್ಟೆ ಒಳ್ಳೆಯ ಸ್ಯಾಟೀನ್, ನುಣುಪಾದದ್ದು. ಟೇಟ್ ಅಮ್ಮ ಸುಮ್ಮನಿರುತ್ತಾರಾ? ಬಿಚ್ಚಿಕೊಂಡು ಬಂದು, ಅದೇ ಮಿಷನ್ನಿನಲ್ಲಿ ತಮ್ಮ ಇಬ್ಬರು ಪುಟ್ಟ ಹೆಣ್ಣುಮಕ್ಕಳಿಗೆ ಫ್ರಾಕು ಹೊಲಿದರು. ರೈಟ್ ಸಹೋದರರ ಮೊದಲ ರೆಕ್ಕೆ ಹಾಕಿಕೊಂಡು ಎರಡು ಹುಡುಗಿಯರು ಹಳ್ಳಿಯಲ್ಲಿ ಓಡಾಡಿದರು. ಈ ಕಥೆಯನ್ನು ನಾನು ನೂರು ಸಲ ಹೇಳಿರಬಹುದು, ಒಮ್ಮೆಯೂ ಬೇಸರ ಬಂದಿಲ್ಲ.

1902ರಲ್ಲಿ ಮತ್ತೊಂದು ಗ್ಲೈಡರ್. ಆಗ ಇವರ ತಂಗಿ ಕ್ಯಾಥರೀನ್ ಅಪ್ಪನಿಗೆ ಒಂದು ಕಾಗದ ಬರೆದಳು. ಅದರಲ್ಲಿ ಮನೆಯ ಸ್ಥಿತಿ ಇದೆ. ವಿಲ್ಬರ್ ಗಂಟೆಗಟ್ಟಲೆ ಹೊಲಿಗೆ ಮಿಷನ್ ತಿರುಗಿಸುತ್ತಿದ್ದಾನೆ, ಆರ್ವಿಲ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎಲ್ಲಿ ಹೊಲಿಯಬೇಕು ಅಂತ ಗುರುತು ಹಾಕುತ್ತಿದ್ದಾನೆ. ಗೊತ್ತಾಯಿತಲ್ವಾ? ಅಣ್ಣ ಟೇಲರ್, ತಮ್ಮ ಕಟಿಂಗ್ ಮಾಸ್ಟರ್.

1903ರ ವಿಮಾನಕ್ಕೆ ಅವರು ಡೇಟನ್ನಿನ ಅಂಗಡಿಯಿಂದ ತಂದದ್ದು ಮಸ್ಲಿನ್ ಬಟ್ಟೆ. ಹೆಂಗಸರ ಒಳ ಲಂಗಕ್ಕೆ ಬಳಸುತ್ತಿದ್ದ ಹತ್ತಿ ಬಟ್ಟೆ ಅದು. ಅದನ್ನು ನೇರ ಕತ್ತರಿಸಲಿಲ್ಲ, ಓರೆ ಕಟ್ ಮಾಡಿದರು. ಯಾಕೆ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನೇರ ಹಾಕಿದ ಬಟ್ಟೆ ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಓರೆಯಾಗಿ ಹಾಕಿದರೆ ನೂಲಿನ ಎಳೆಗಳೇ ಮೂಲೆಯಿಂದ ಮೂಲೆಗೆ ಕಟ್ಟಿದ ಹಗ್ಗದ ಹಾಗೆ ರೆಕ್ಕೆಯನ್ನು ಹಿಡಿದು ನಿಲ್ಲಿಸುತ್ತವೆ. ಇದು ಇಂಜಿನಿಯರಿಂಗ್. ಮತ್ತೆ, ಇದು ಟೇಲರಿಂಗ್.

ಇಂಜಿನ್ ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರೇ ವಾರದಲ್ಲಿ ಮಾಡಿದ. ನೋಡಿ, ಅವನ ಹೆಸರೂ ಟೇಲರ್! ಇಂಜಿನ್ನಿನಿಂದ ಪಂಖಕ್ಕೆ ಶಕ್ತಿ ಹೋಗಿದ್ದು ಸೈಕಲ್‌ನಂಥ ಚೈನಿನ ಮೇಲೆ. 1903ರ ಡಿಸೆಂಬರ್ 17ರಂದು ಆರ್ವಿಲ್ ಹಾರಿದ. 12 ಸೆಕೆಂಡು, 120 ಅಡಿ. ಅಷ್ಟು ಹೊತ್ತಿನಲ್ಲಿ ನೀವು ಒಂದು ಜೇಬಿನ ಅಂಚು ಹೊಲಿದು ಮುಗಿಸುತ್ತೀರಿ.

ಅದಕ್ಕೆ ಒಂಬತ್ತೇ ದಿನ ಮೊದಲು ಲ್ಯಾಂಗ್ಲಿ ಎಂಬ ದೊಡ್ಡ ವಿಜ್ಞಾನಿಯ ವಿಮಾನ ಎರಡನೇ ಸಲ ನದಿಗೆ ಬಿದ್ದಿತ್ತು. ಅವರಿಗೆ ಅಮೆರಿಕ ಸರ್ಕಾರ 50,000 ಡಾಲರ್ ಕೊಟ್ಟಿತ್ತು. ಇವರ ಖರ್ಚು 1,000 ಡಾಲರ್ ಕೂಡ ಆಗಲಿಲ್ಲ.

ಇಲ್ಲಿ ಒಂದು ನಿಮಿಷ. ನಾನು ಎಲ್ಲಿ ಮಾತಾಡಿದರೂ ಯಾರೋ ಒಬ್ಬರು ಎದ್ದು ನಿಂತು, "ಸಾರ್, ನಮ್ಮ ಪುಷ್ಪಕ ವಿಮಾನ?" ಅಂತ ಕೇಳಿಯೇ ಕೇಳುತ್ತಾರೆ. ಅಂಜನಾದ್ರಿಯ ಮಗ್ಗುಲಲ್ಲಿ ಇರುವವರು ನಾವು, ಹಾರುವ ವಿಷಯ ಬಂದರೆ ಅಭಿಮಾನ ಜಾಸ್ತಿ, ಒಪ್ಪುತ್ತೇನೆ. ಪುರಾಣದ ಕಥೆ ಕಥೆಯಾಗಿ ಚಂದ. ಪ್ರಾಚೀನ ವಿಮಾನ ಅಂತ ತೋರಿಸುವ ಚಿತ್ರಗಳನ್ನು 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐದು ಜನ ಕೂತು ಪರಿಶೀಲಿಸಿ, ಇವು ಹಾರುವಂಥವಲ್ಲ ಅಂತ ಬರೆದಿದ್ದಾರೆ. ನಾನು ಕೈಯಾರೆ ಮುಟ್ಟಿದ ಪುಷ್ಪಕ್ ಒಂದೇ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾದದ್ದು. 1958ರಲ್ಲಿ ಮೊದಲು ಹಾರಿತು. ಎರಡು ಸೀಟು. ನೂರೈವತ್ತರ ಆಸುಪಾಸು ಕಟ್ಟಿದರು, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಎಷ್ಟೋ ಪೈಲಟ್‌ಗಳು ಹಾರುವುದನ್ನು ಕಲಿತಿದ್ದು ಅದರಲ್ಲಿ. ಅದರ ರೆಕ್ಕೆಗೆ ಏನು ಹಾಕಿತ್ತು ಹೇಳಿ ನೋಡೋಣ? ಬಟ್ಟೆ.

ಆ ಬಟ್ಟೆ ಹಾಕುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಮೊದಲು ಬಟ್ಟೆಯ ಪಟ್ಟೆಗಳನ್ನು ಮಿಷನ್ನಿನಲ್ಲಿ ಜೋಡಿಸಿ, ರೆಕ್ಕೆಗೆ ತಲೆದಿಂಬಿನ ಗವಸಿನ ಹಾಗೆ ಏರಿಸುತ್ತೇವೆ. ಆಮೇಲೆ ಒಂದು ಉದ್ದನೆ ಸೂಜಿ, ಮೇಣ ಹಚ್ಚಿದ ದಾರ. ರೆಕ್ಕೆಯೊಳಗೆ ಪಕ್ಕೆಲುಬಿನ ಹಾಗೆ ಇರುವ ಅಡ್ಡ ಪಟ್ಟಿಗಳನ್ನು ಸುತ್ತಿಕೊಂಡು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹೊಲಿಗೆ. ಗಾದಿ ಹೊಲಿಯುವವರು ಟಾಕು ಹಾಕುತ್ತಾರಲ್ಲ, ಹಾಗೆ. ಪ್ರತಿ ಟಾಕಿಗೂ ಬೇರೆ ಗಂಟು. ಒಂದು ಗಂಟು ಬಿಚ್ಚಿದರೆ ಪಕ್ಕದ್ದು ಹಿಡಿದಿರಬೇಕು. ಕೊನೆಗೆ ಡೋಪ್ ಎಂಬ ದ್ರವ ಬಳಿಯುತ್ತೇವೆ. ಕಳಿತ ಬಾಳೆಹಣ್ಣಿನ ವಾಸನೆ, ತಲೆ ಗಿಮ್ಮೆನ್ನುತ್ತದೆ. ಅದು ಒಣಗುತ್ತಾ ಬಟ್ಟೆಯನ್ನು ಬಿಗಿಯುತ್ತದೆ. ಬೆರಳಲ್ಲಿ ತಟ್ಟಿದರೆ ಹಲಗೆ ವಾದ್ಯದ ಹಾಗೆ ಡಣ್ ಅನ್ನಬೇಕು. ಆಮೇಲಾಮೇಲೆ ಪಾಲಿಯೆಸ್ಟರ್ ಬಟ್ಟೆ ಬಂತು. ಅದಕ್ಕೆ ಇಸ್ತ್ರಿ ಪೆಟ್ಟಿಗೆ ತೋರಿಸಿದರೆ ಸಾಕು, ಬಿಗಿಯುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಹುರುಪು ಜಾಸ್ತಿ. ಬಾಲದ ಒಂದು ಭಾಗಕ್ಕೆ ಬಟ್ಟೆಯನ್ನು ಎಳೆದೆಳೆದು ಹಾಕಿ, ಡೋಪನ್ನೂ ಎರಡು ಕೈ ಜಾಸ್ತಿಯೇ ಬಳಿದೆ. ಬೆಳಿಗ್ಗೆ ಬಂದು ನೋಡಿದರೆ ಹಿಂದಿನ ಅಂಚು ಹಪ್ಪಳದ ಹಾಗೆ ಸೊಟ್ಟಗಾಗಿದೆ. ಪರೀಕ್ಷೆ ಮಾಡುವ ಹಿರಿಯರು ಬಂದರು. ಒಂದು ಮಾತೂ ಆಡಲಿಲ್ಲ. ಜೇಬಿನಿಂದ ಬ್ಲೇಡು ತೆಗೆದು, ಈ ತುದಿಯಿಂದ ಆ ತುದಿಗೆ ಸರ್ರಂತ ಸೀಳಿ ಚಹಾ ಕುಡಿಯಲು ಹೋದರು. ನಾಲ್ಕು ದಿನದ ಕೆಲಸ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಗಡಿಯಾರ ನೋಡಿದರೆ ನಾನಿನ್ನೂ ದೊಡ್ಡ ಕಂಪನಿಗಳ ಹೆಸರೇ ಎತ್ತಿಲ್ಲ. ಬೇಗ ಬೇಗ ಹೇಳುತ್ತೇನೆ.

ಬೋಯಿಂಗ್. ಶುರುವಾದದ್ದು 1916ರಲ್ಲಿ. ವಿಲಿಯಂ ಬೋಯಿಂಗ್ ಮರದ ವ್ಯಾಪಾರಿ. ಮೊದಲ ವಿಮಾನ ಜೋಡಿಸಿದ್ದು ಕೆರೆ ದಂಡೆಯ ದೋಣಿ ಮನೆಯಲ್ಲಿ. ಬಡಗಿಗಳು ಮರ ಕೆತ್ತಿದರು, ಹೆಣ್ಣುಮಕ್ಕಳು ಕೂತು ರೆಕ್ಕೆಯ ಬಟ್ಟೆ ಹೊಲಿದರು. ಮೊದಲ ಮಹಾಯುದ್ಧ ಮುಗಿದು ಆರ್ಡರ್ ನಿಂತಾಗ ಅದೇ ಕಂಪನಿ ಕುರ್ಚಿ–ಮೇಜಿನ ಥರದ ಪೀಠೋಪಕರಣ, ದೋಣಿ ಮಾಡಿ ಮಾರಿ ಹೊಟ್ಟೆ ಹೊರೆದುಕೊಂಡಿತು. ಸೀಜನ್ ಇಲ್ಲದಾಗ ನೀವು ಶಾಲೆ ಯೂನಿಫಾರಂ ಹೊಲಿಯುವ ಹಾಗೆ.

ಇಂಗ್ಲೆಂಡಿನ ಹರಿಕೇನ್ ಯುದ್ಧವಿಮಾನದ ಹಿಂಭಾಗಕ್ಕೆ ಬಟ್ಟೆ ಹೊದಿಸಿತ್ತು. 1940ರ ಯುದ್ಧದಲ್ಲಿ ಗುಂಡು ತೂರಿ ಹೋದ ಕಡೆ ತೇಪೆ ಹಚ್ಚಿ ಮತ್ತೆ ಕಳಿಸುತ್ತಿದ್ದರು. ಅದೇ ದೇಶದ ಮಾಸ್ಕಿಟೋ ಪೂರಾ ಮರದ್ದು, ಅಂಟು ಹಾಕಿ ಕೂಡಿಸಿದ್ದು. ಮಾಡಿದವರಲ್ಲಿ ಪೀಠೋಪಕರಣದ ಬಡಗಿಗಳು, ಪಿಯಾನೋ ಮಾಡುವವರು ಇದ್ದರು. 7,000ಕ್ಕೂ ಜಾಸ್ತಿ ಕಟ್ಟಿದರು. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಹಾಕಿ ಗೊಂಬೆ ಮಾಡುವವರಿಗೆ ಆ ಕೆಲಸ ತೋರಿಸಿದ್ದರೆ ಎರಡೇ ದಿನದಲ್ಲಿ ಕೈ ಹತ್ತುತ್ತಿತ್ತು.

ಸ್ವಂತ ಕಟ್ಟುವವರು ಈಗಲೂ ಇದ್ದಾರೆ. ಅಮೆರಿಕದ ಬರ್ಟ್ ರುಟಾನ್ ಫೋಮಿನ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ಅಂಟು ಸುರಿದು ವಿಮಾನ ಮಾಡುವುದನ್ನು ಮನೆ ಮನೆಗೆ ಕಲಿಸಿದ. ಅದಕ್ಕೆ ಬೇಕಾಗಿದ್ದ ಮುಖ್ಯ ಆಯುಧ ಕತ್ತರಿ. ಅವನೇ ವಿನ್ಯಾಸ ಮಾಡಿದ ವಾಯೇಜರ್ 1986ರಲ್ಲಿ ಎಲ್ಲೂ ಇಳಿಯದೆ, ನಡುವೆ ಇಂಧನ ತುಂಬದೆ ಒಂಬತ್ತು ದಿನದಲ್ಲಿ ಭೂಮಿ ಸುತ್ತಿ ಬಂತು. ನಮ್ಮ ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ಅದನ್ನು ಕೆಳಗಿಳಿಸಿದ್ದು ಕ್ರೇನಿನಲ್ಲಿ. ಇವರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದಿತ್ತು. ಆಕಾಶವಾಣಿಯವರು ಇನ್ನೊಮ್ಮೆ ಕರೆಯಲಿ, ನೋಡೋಣ.

"ಈಗೆಲ್ಲ ಲೋಹದ ವಿಮಾನ, ಹೊಲಿಗೆ ಎಲ್ಲಿದೆ?" ಅನ್ನುತ್ತೀರಿ. ಬೋಯಿಂಗ್ 787 ಗೊತ್ತಲ್ವಾ? ಅದರ ತೂಕದಲ್ಲಿ ಅರ್ಧದಷ್ಟು ಕಾರ್ಬನ್ ನೂಲಿನಿಂದ ಮಾಡಿದ್ದು. ನೂಲು, ಅಂಟು, ಪದರದ ಮೇಲೆ ಪದರ. ತಿರುಗಿ ನೂಲಿಗೇ ಬಂದರು!

ಕೊನೆಗೊಂದು. ಹೋದ ತಿಂಗಳು ಮೊಮ್ಮಗನ ಜೀನ್ಸ್ ಗಿಡ್ಡ ಮಾಡಿಸಲು ಅಂಗಡಿಗೆ ಹೋಗಿದ್ದೆ. ಟೇಲರ್ ಅದನ್ನು ಒಳಮೈ ತಿರುಗಿಸಿದರು. ತೊಡೆಯ ಒಳಗಿನ ಹೊಲಿಗೆ ಕಂಡಿತು. ನೀವು ಫೀಡ್ ಆಫ್ ಆರ್ಮ್ ಮಿಷನ್ನಿನಲ್ಲಿ ಹಾಕುತ್ತೀರಲ್ಲ, ಅದೇ. ಎರಡು ಅಂಚು ಒಂದರೊಳಗೊಂದು ಮಡಚಿ, ಮೇಲೆ ಜೋಡಿ ಹೊಲಿಗೆ, ಬಟ್ಟೆಯ ಹಸಿ ಅಂಚು ಎಲ್ಲೂ ಹೊರಗೆ ಕಾಣುವುದಿಲ್ಲ. "ಇದೇ ಹೊಲಿಗೆ ನಾವು ವಿಮಾನದ ರೆಕ್ಕೆಗೆ ಹಾಕುತ್ತಿದ್ದೆವು" ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹೊಲಿಗೆಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದರು. ಆಮೇಲೆ ಕೇಳಿದರು: "ಹೌದಾ ಸಾರ್? ಪೀಸಿಗೆ ಎಷ್ಟು ಕೊಡ್ತಿದ್ರು?"

ನಮಸ್ಕಾರ.