ಕೈ ಸುಟ್ಟುಕೊಂಡವರು ಮಾತಾಡಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರ ಹತ್ತಿರ ಸ್ವಂತದ್ದೊಂದು ವೆಬ್‌ಸೈಟ್ ಇರುತ್ತದೆ. ಸಂಘದ್ದಿರಬಹುದು, ವ್ಯಾಪಾರದ್ದಿರಬಹುದು, ಬರೀ ಕವನ ಹಾಕೋಕೆ ಅಂತ ಮಾಡಿಕೊಂಡದ್ದೂ ಇರಬಹುದು. ಅದು ವರ್ಡ್‌ಪ್ರೆಸ್ ಅನ್ನುವ, ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲೇ ಇರುವ ಸಾಧ್ಯತೆ ಜಾಸ್ತಿ. ಜಗತ್ತಿನ ಹತ್ತು ವೆಬ್‌ಸೈಟ್‌ಗಳಲ್ಲಿ ನಾಲ್ಕು ಅದರ ಮೇಲೇ ನಡೆಯುತ್ತವೆ. ಹಾಗೆ ವರ್ಡ್‌ಪ್ರೆಸ್ ಬಳಸುವವರೇ ಸೇರಿ ನಡೆಸುವ ಸಮಾವೇಶಕ್ಕೆ ವರ್ಡ್‌ಕ್ಯಾಂಪ್ ಅನ್ನುತ್ತಾರೆ. ಅಲ್ಲಿ ಯಾರು ಮಾತಾಡಬೇಕು ಅಂತ ಅರ್ಜಿಗಳನ್ನು ಓದಿ ಆರಿಸುವ ಕೆಲಸ ನಾನು ಕೆಲವು ವರ್ಷ ಮಾಡಿದ್ದೇನೆ. ಇವತ್ತು ಹೇಳೋಕೆ ಬಂದಿರುವುದು ಒಂದೇ ಮಾತು. ಅಲ್ಲಿ ಮಾತಾಡಬೇಕಾದವರು ಪಂಡಿತರಲ್ಲ, ಕೈ ಸುಟ್ಟುಕೊಂಡವರು.

ವರ್ಡ್‌ಪ್ರೆಸ್ ಹುಟ್ಟಿದ್ದೇ ಹಾಗೆ. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಅಂತ 19 ವರ್ಷದ ಹುಡುಗ. ಅವನು ಬಳಸುತ್ತಿದ್ದದ್ದು ಬಿ2 ಅನ್ನುವ ಬ್ಲಾಗ್ ತಂತ್ರಾಂಶ. ಅದನ್ನು ಬರೆದವರ ಸದ್ದೇ ಇಲ್ಲ, ಹೊಸ ಆವೃತ್ತಿ ಬರುವ ಲಕ್ಷಣವೂ ಇಲ್ಲ. ಏನು ಮಾಡೋದು ಅಂತ ಹುಡುಗ ತನ್ನ ಗೋಳು ತೋಡಿಕೊಂಡ. ಇಂಗ್ಲೆಂಡಿನ ಮೈಕ್ ಲಿಟಲ್ ಅನ್ನುವವರು, ನಾನೂ ಜೊತೆಗೆ ಬರುತ್ತೇನೆ ಅಂದರು. ಅದೇ ವರ್ಷ ಮೇ 27ಕ್ಕೆ ವರ್ಡ್‌ಪ್ರೆಸ್ ಹೊರಬಂತು. ಮೂರು ವರ್ಷ ಬಿಟ್ಟು, 2006ರ ಆಗಸ್ಟ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ವರ್ಡ್‌ಕ್ಯಾಂಪ್ ಆಯಿತು. ಒಂದೇ ದಿನದ ಸಭೆ, ಐನೂರಕ್ಕೂ ಹೆಚ್ಚು ಜನ. ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ.

ಇಷ್ಟು ಹೇಳಿದ ಮೇಲೂ, ನೀವು ಯಾಕೆ ಮಾತಾಡಬಾರದು ಅಂತ ಯಾರನ್ನಾದರೂ ಕೇಳಿ ನೋಡಿ. ಬರುವ ಉತ್ತರ ಒಂದೇ. "ಅಯ್ಯೋ, ನಾನೇನು ಎಕ್ಸ್‌ಪರ್ಟಾ?" ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಎಕ್ಸ್‌ಪರ್ಟ್ ಬೇಕು ಅಂತ ಕೇಳಿದವರು ಯಾರು ಸ್ವಾಮಿ?

ಎಕ್ಸ್‌ಪರ್ಟ್‌ಗಳ ಅರ್ಜಿ ಹೇಗಿರುತ್ತದೆ ಗೊತ್ತಾ? "ವೆಬ್‌ಸೈಟ್ ಭದ್ರತೆ: ಒಂದು ಅವಲೋಕನ." ಅವಲೋಕನ ಅಂದ ಕೂಡಲೇ ನನಗೆ ಆಕಳಿಕೆ ಬರುತ್ತದೆ. ಅದರ ಕೆಳಗೇ ಇನ್ನೊಬ್ಬರ ಅರ್ಜಿ: "ನನ್ನ ಸೈಟ್ ಹ್ಯಾಕ್ ಆದ ಮೂರು ದಿನ." ನೀವಾದರೆ ಯಾವ ಕೋಣೆಗೆ ಹೋಗುತ್ತೀರಿ?

ಒಂದು ಪ್ರಸಂಗ ಹೇಳುತ್ತೇನೆ. ನಿವೃತ್ತ ಲೈಬ್ರರಿಯನ್ ಒಬ್ಬರು ಅರ್ಜಿ ಹಾಕಿದ್ದರು. ಇದ್ದದ್ದು ಎರಡೇ ಸಾಲು. "ಸೈಟ್ ಬೀಳಿಸಿದೆ, ಮತ್ತೆ ಎಬ್ಬಿಸಿದೆ. ಹತ್ತು ನಿಮಿಷ ಸಾಕು." ಸಮಿತಿಯಲ್ಲಿ ಒಬ್ಬರು, ಇವರ ಪರಿಚಯವೇ ಇಲ್ಲವಲ್ಲ ಅಂದರು. ನಾನು ಹಟ ಹಿಡಿದೆ. ಹತ್ತು ನಿಮಿಷ ಕೊಟ್ಟರೆ ಕಳೆದುಕೊಳ್ಳೋದು ಏನಿದೆ, ಅಲ್ವಾ?

ಆ ದಿನ ಅವರು ಮಡಚಿದ ಒಂದು ಹಾಳೆ ಹಿಡಿದು ವೇದಿಕೆ ಹತ್ತಿದರು. ಮೊದಲ ಸ್ಲೈಡ್ ಬಂತು. ಪೂರ್ತಿ ಬಿಳಿ. ಒಂದಕ್ಷರ ಇಲ್ಲ. ಅವರು ಸುಮ್ನೆ ನಿಂತರು. ಪ್ರೊಜೆಕ್ಟರ್ ಕೆಟ್ಟಿತು ಅಂದುಕೊಂಡು ಹುಡುಗನೊಬ್ಬ ಓಡಿಬಂದು ಕೇಬಲ್ ಅಲ್ಲಾಡಿಸೋಕೆ ಶುರು ಮಾಡಿದ. ಅವರು ಕೈಸನ್ನೆಯಲ್ಲೇ, ಬಿಡಪ್ಪಾ ಅಂದರು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣವೇ ನಕ್ಕಿತು. ವರ್ಡ್‌ಪ್ರೆಸ್ ಬಳಸುವವರಿಗೆ ಆ ಬಿಳಿ ಪರದೆ ಚೆನ್ನಾಗಿ ಗೊತ್ತು. ಆಗೆಲ್ಲ ಸೈಟ್ ಸತ್ತಾಗ ಕಾಣುತ್ತಿದ್ದದ್ದು ಅದೇ. "ಇದೇ ನನ್ನ ಸೈಟು," ಅಂದರು ಅವರು.

ಆಗಿದ್ದು ಇಷ್ಟು. ಪುಟದ ಅಡಿಯಲ್ಲಿ ಥೀಮ್, ಅಂದರೆ ಸೈಟಿನ ಸಿದ್ಧ ವಿನ್ಯಾಸ, ಮಾಡಿದವರ ಹೆಸರು ಕಾಣುತ್ತಿತ್ತು. ಅದನ್ನು ತೆಗೆಯಬೇಕು ಅಂತ ಅವರಿಗೆ ಆಸೆ. ಎಲ್ಲಿಂದಲೋ ನಾಲ್ಕು ಸಾಲು ಕೋಡ್ ನಕಲು ಮಾಡಿ, ಸೈಟ್ ನಿರ್ವಹಿಸುವ ಒಳಪುಟ ಇದೆಯಲ್ಲ, ಆ ಡ್ಯಾಶ್‌ಬೋರ್ಡ್‌ನಲ್ಲೇ ಕೂತು, ಥೀಮಿನ ಕೋಡ್ ಇರುವ ಫಂಕ್ಷನ್ಸ್ ಕಡತಕ್ಕೆ ಅಂಟಿಸಿದರು. ನಕಲು ಮಾಡುವಾಗ ಕೊನೆಯ ಒಂದು ಚುಕ್ಕೆ-ಬಾಲ ತಪ್ಪಿಹೋಗಿತ್ತು. ಅರ್ಧವಿರಾಮ. ಸೆಮಿಕೋಲನ್. ಸೇವ್ ಒತ್ತಿದರು. ಸೈಟ್ ಹೋಯಿತು. ಸರಿಮಾಡೋಣ ಅಂದರೆ ಡ್ಯಾಶ್‌ಬೋರ್ಡೂ ಇಲ್ಲ, ಯಾಕಂದ್ರೆ ಅದು ತೆರೆಯುವಾಗಲೂ ಅದೇ ಕಡತ ಓಡಬೇಕು. ಬೀಗದಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು ಅಂದರು ಆಕೆ.

ಎರಡು ದಿನ ಯಾರಿಗೂ ಹೇಳಲಿಲ್ಲವಂತೆ, ನಾಚಿಕೆ. ಮೂರನೇ ದಿನ ಗೊತ್ತಾಯಿತು, ಹಿತ್ತಲ ಬಾಗಿಲು ಅಂತ ಒಂದಿದೆ. ಸೈಟ್‌ಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಯ ಫೈಲ್ ಮ್ಯಾನೇಜರ್. ಅಲ್ಲಿಂದ ನೇರವಾಗಿ ಕಡತ ತೆರೆಯಬಹುದು, ವರ್ಡ್‌ಪ್ರೆಸ್ ಎದ್ದಿರಬೇಕು ಅಂತಿಲ್ಲ. ತೆರೆದರು, ಆ ಸಾಲಿಗೆ ಬಂದರು, ಅರ್ಧವಿರಾಮ ಹಾಕಿದರು. ಎದ್ದಿತು. ಪರದೆ ಮೇಲೆ ಆ ಸಾಲನ್ನು ಎರಡು ಸಲ ತೋರಿಸಿದರು, ಒಂದು ಚಿಹ್ನೆ ಇಲ್ಲದೆ, ಇನ್ನೊಂದು ಚಿಹ್ನೆ ಇದ್ದು. ಚಿಹ್ನೆ ಕೆಂಪು ಬಣ್ಣದಲ್ಲಿ, ಕುಂಬಳಕಾಯಿ ಗಾತ್ರ!

ಕಥೆ ಅಲ್ಲಿಗೂ ಮುಗಿಯಲಿಲ್ಲ. ತಿಂಗಳಾದ ಮೇಲೆ ಥೀಮ್ ಅಪ್‌ಡೇಟ್ ಮಾಡಿದರು. ಅಷ್ಟು ಒದ್ದಾಡಿ ಹಾಕಿದ ಸಾಲು ಗುರುತೇ ಇಲ್ಲದ ಹಾಗೆ ಅಳಿಸಿಹೋಯಿತು. ಅಪ್‌ಡೇಟ್ ಅಂದರೆ ಹಳೆಯ ಕಡತಗಳ ಮೇಲೆ ಹೊಸವು ಬಂದು ಕೂರುತ್ತವೆ, ನಮ್ಮ ತಿದ್ದುಪಡಿ ಎಲ್ಲಿ ಉಳಿಯಬೇಕು? ಅದಕ್ಕೇ ಮೂಲ ಥೀಮಿನ ಜೊತೆ ಓಡುವ ಚೈಲ್ಡ್ ಥೀಮ್ ಅಂತ ಒಂದು ಬೇರೆ ಮಾಡಿ, ನಮ್ಮ ಬದಲಾವಣೆ ಅದರಲ್ಲಿಡಬೇಕು. ಇದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದವರೂ ಮರೆಯುತ್ತಾರೆ. ಅವತ್ತು ಕೇಳಿದವರು ಮರೆತಿರಲಾರರು.

ಅದೇ ಹೊತ್ತಿಗೆ ಪಕ್ಕದ ಸಭಾಂಗಣದಲ್ಲಿ ಒಬ್ಬ ದೊಡ್ಡ ಹೆಸರಿನವರು ಎಂಬತ್ತು ಚಿಲ್ಲರೆ ಸ್ಲೈಡ್ ಓಡಿಸುತ್ತಿದ್ದರು. ನಾನು ಇಣುಕಿ ನೋಡಿದೆ. ಅರ್ಧ ಜನ ಫೋನ್ ನೋಡುತ್ತಿದ್ದರು. ನಮ್ಮ ಲೈಬ್ರರಿಯನ್ ಊಟಕ್ಕೆ ಹೋಗಲು ಮುಕ್ಕಾಲು ಗಂಟೆ ಆಯಿತು, ಸುತ್ತ ಅಷ್ಟು ಜನ. ಎಲ್ಲರದೂ ಒಂದೇ ಮಾತು, ನನಗೂ ಹೀಗೇ ಆಗಿತ್ತು!

ಒಂದು ಸಣ್ಣ ವಿಷಯ ಸೇರಿಸಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಹಿಡಿದುಕೊಳ್ಳುತ್ತಾರೆ. ಇದು ಹಳೆಯ ಕಥೆ. 2017ರಲ್ಲಿ ಬಂದ 4.9ನೇ ಆವೃತ್ತಿಯಿಂದ, ಇಂಥ ತಪ್ಪು ಸಾಲು ಸೈಟ್ ಬೀಳಿಸುತ್ತದೆ ಅಂತ ಕಂಡರೆ ಡ್ಯಾಶ್‌ಬೋರ್ಡ್‌ನಲ್ಲಿ ಕಡತ ತಿದ್ದುವ ಎಡಿಟರೇ ಅದನ್ನು ವಾಪಸ್ ತೆಗೆಯುತ್ತದೆ. 2019ರ 5.2ರಿಂದ, ಹಾಗೂ ಬಿದ್ದರೆ ಒಳಗೆ ಹೋಗುವ ಕೊಂಡಿ ನಿಮ್ಮ ಇಮೇಲ್‌ಗೆ ಬರುತ್ತದೆ. ಇವೆಲ್ಲ ಬಂದದ್ದು ಯಾಕೆ? ಎಷ್ಟೋ ಜನ ಕೈ ಸುಟ್ಟುಕೊಂಡು, ಬಾಯಿಬಿಟ್ಟು ಹೇಳಿದ್ದಕ್ಕೆ.

ಅಯ್ಯೋ, ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಕಾಲು ಗಂಟೆ ಇದೆ ಅಂದುಕೊಂಡಿದ್ದೆ. ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ. ಮಾತಾಡಿದ್ದಕ್ಕೆ ಹಣ ಕೊಡುವುದಿಲ್ಲ. ಸಮಾವೇಶ ನಡೆಸುವವರಿಗೂ ಸಂಬಳ ಇಲ್ಲ, ಎಲ್ಲರೂ ಸ್ವಯಂಸೇವಕರೇ. ನಿಮ್ಮ ಕಂಪನಿಯ ಮಾಲು ಮಾರೋಕೆ ವೇದಿಕೆ ಏರಬೇಡಿ, ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಭಾಷಣ ಸಾಮಾನ್ಯವಾಗಿ ರೆಕಾರ್ಡ್ ಆಗಿ ವರ್ಡ್‌ಪ್ರೆಸ್ ಡಾಟ್ ಟಿವಿಯಲ್ಲಿ ಉಳಿಯುತ್ತದೆ. ಅಲ್ಲಿ 2009ರಿಂದ ಎಷ್ಟೋ ಮಾತುಗಳು ಸೇರಿವೆ, ನೋಡೋಕೆ ಕಾಸಿಲ್ಲ. ಇಂಟರ್ನೆಟ್ ನಂಬಿ ವೇದಿಕೆ ಮೇಲೆ ಏನನ್ನೂ ತೋರಿಸಬೇಡಿ, ಚಿತ್ರ ತೆಗೆದಿಟ್ಟುಕೊಳ್ಳಿ. ನನ್ನ ಮೊದಲ ಭಾಷಣದಲ್ಲಿ ಒಂದು ಪುಟ ತೆರೆಯಲಿ ಅಂತ ಆರು ನಿಮಿಷ ಎಲ್ಲರೂ ಒಟ್ಟಿಗೆ ಕಾದಿದ್ದೆವು. ಆ ಕಥೆ ಹೇಳೋಕೆ ಈಗ ಹೊತ್ತಿಲ್ಲ.

ಅರ್ಜಿ ಬರೆಯೋಕೆ ಕೂತಾಗ ಶೀರ್ಷಿಕೆಗಾಗಿ ತಲೆ ಕೆರೆದುಕೊಳ್ಳಬೇಡಿ. ಮೊದಲು ಆ ದಿನ ಪರದೆ ಮೇಲೆ ನಿಮಗೆ ಏನು ಕಂಡಿತು ಅಂತ ಬರೆಯಿರಿ. ಆಮೇಲೆ ಏನು ಮಾಡಿದಿರಿ ಅಂತ ಬರೆಯಿರಿ. ಎರಡು ಸಾಲಾದರೆ ಕಳಿಸಿಬಿಡಿ. ನಮಸ್ಕಾರ.